ಗಾಳಿಗೂ ಒಂದು ಬದು



ಹಳೆಯ ಮೋಟಾರು ಗಾಡಿಯೊಂದರ ರೇಡಿಯೇಟರಿನ ಹಿಂದೆ ಒಂದು ತಗಡಿನ ಬಳೆಯನ್ನು ಕೂರಿಸಿದ ಸಂಗತಿಯನ್ನು ನಾನು ಈ ಹೊತ್ತು ನಿಮ್ಮ ಮುಂದೆ ಹೇಳಲಿದ್ದೇನೆ. ವಿಷಯ ಅಲ್ಪವೆಂದು ತೋರಬಹುದು. ಆದರೆ ಆ ಬಳೆಯಿಲ್ಲದಿದ್ದ ಒಂದು ಮಧ್ಯಾಹ್ನ ನನ್ನ ತಾಯಿಯವರ ಪ್ರಾಣ ನಡುದಾರಿಯಲ್ಲಿ ನಿಂತಿತ್ತು. ಅದರಿಂದಾಗಿ ನನಗೆ ಇದು ಅಲ್ಪವಲ್ಲ.

ಗಾಡಿ 1978ರಲ್ಲಿ ನಮ್ಮ ತಂದೆಯವರು ಕೊಂಡ ಅಂಬಾಸಿಡರ್, ಮಾರ್ಕ್ 3. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಬಂದದ್ದು. ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಕುಲ. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಬಹುಕಾಲ ಅದೊಂದೇ ಕಾರು. ಮದುವೆಗೂ ಅದೇ, ಹೆರಿಗೆಗೂ ಅದೇ. ತಂದೆಯವರ ತರುವಾಯ ಅದು ನನ್ನ ಪಾಲಿಗೆ ಬಂದಿತು. ಅದರ ಆರೈಕೆಯ ತಿಳಿವಳಿಕೆ ಮಾತ್ರ ಜೊತೆಯಲ್ಲಿ ಬರಲಿಲ್ಲ.

2010ರ ಮೇ ತಿಂಗಳು. ತಾಯಿಯವರಿಗೆ ಉಸಿರು ಕಟ್ಟತೊಡಗಿತು. ಹಿಂದಿನ ಆಸನದಲ್ಲಿ ಮಲಗಿಸಿಕೊಂಡು ಹೊಸಪೇಟೆಯ ದಾರಿ ಹಿಡಿದೆ. ಮರಿಯಮ್ಮನಹಳ್ಳಿಯವರೆಗೆ ಗಾಡಿ ಸಲೀಸಾಗಿಯೇ ಓಡಿತು. ಅಲ್ಲಿಂದ ಮುಂದೆ ಹೆದ್ದಾರಿಯ ತುಂಬ ಕಬ್ಬಿಣದ ಅದಿರಿನ ಲಾರಿಗಳ ಸಾಲು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಮುನ್ನಿನ ದಿನಗಳವು. ಲಾರಿಗಳ ನಡುವೆ ಇರುವೆಯ ನಡೆ. ಉಷ್ಣಮಾಪಕದ ಮುಳ್ಳು ಮೆಲ್ಲನೆ ಕೆಂಪಿನತ್ತ ಏರಿತು. ಮುಂಭಾಗದಿಂದ ಹಬೆ ಎದ್ದಿತು. ನಾನು ಅವಸರಪಟ್ಟು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದೆ. ಆ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆರೆದ ಕ್ಷಣವೇ ಕುದಿದು ಚಿಮ್ಮುತ್ತದೆ. ನನ್ನ ಮುಂಗೈಯ ಮೇಲಿನ ಕಲೆ ಅಂದಿನದು. ಹೆಸರನ್ನೂ ಹೇಳದ ಒಬ್ಬ ಲಾರಿ ಚಾಲಕ ತಾಯಿಯವರನ್ನು ಎತ್ತಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಹಾದಿ ಬಿಡಿಸಿಕೊಳ್ಳುತ್ತ ಆಸ್ಪತ್ರೆಗೆ ಮುಟ್ಟಿಸಿದ. ತಾಯಿಯವರು ಉಳಿದರು. ಅಂದಿನಿಂದ ಅವರು ಆ ಗಾಡಿಯನ್ನು ಹತ್ತುವಾಗಲೆಲ್ಲ ಕಾಲ ಬಳಿ ಒಂದು ತಂಬಿಗೆ ನೀರನ್ನು ಇಟ್ಟುಕೊಳ್ಳುತ್ತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ತಂಬಿಗೆಯೇ ಮಾತಾಗಿತ್ತು.

ಹಳೆಯ ರೇಡಿಯೇಟರನ್ನು ಬಿಚ್ಚಿಸಿದಾಗ ಅದರ ಕೊಳವೆಗಳಲ್ಲಿ ಸುಣ್ಣದಂಥ ಪದರ ಕಟ್ಟಿತ್ತು. ತಪ್ಪು ನನ್ನದೇ, ವರ್ಷಗಟ್ಟಲೆ ಬೋರಿನ ಗಡಸು ನೀರನ್ನೇ ಹೊಯ್ದಿದ್ದೆ. ಅಸಲಿನದು ಸಿಗಲಿಲ್ಲವಾಗಿ, ಅಂಗಡಿಯಲ್ಲಿ ದೊರೆತ ಅಲ್ಯೂಮಿನಿಯಮ್ಮಿನ ಹೊಸ ರೇಡಿಯೇಟರನ್ನು ತಂದು ಕೂರಿಸಿದೆ. ಬೋರಿನ ನೀರಿಗೆ ಬದಲಾಗಿ ಬಟ್ಟಿ ಇಳಿಸಿದ ನೀರನ್ನೂ ಕೂಲಂಟನ್ನೂ ಸಮಸಮವಾಗಿ ತುಂಬಿದೆ. ಬಯಲ ರಸ್ತೆಯಲ್ಲಿ ಓಡುವಾಗ ಮುಳ್ಳು ಅಲುಗಲಿಲ್ಲ. ಆದರೆ ಸಂತೆಯ ದಿನ ಜನಸಂದಣಿಯಲ್ಲಿ ಕಾಲು ಗಂಟೆ ನಿಂತರೆ ಮತ್ತೆ ಅದೇ ಕೆಂಪು! ಹೊಸತೂ ಹಳೆಯದರಂತೆಯೇ ಆಯಿತಲ್ಲ ಎಂದು ನಾನು ಕುಗ್ಗಿಹೋದೆ.

ಓಡುವಾಗ ತಂಪು, ನಿಂತಾಗ ಬಿಸಿ. ಕಾರಣದ ಸುಳಿವು ಈ ನಾಲ್ಕು ಮಾತಿನಲ್ಲೇ ಇತ್ತು. ಓಡುವ ಗಾಡಿಗೆ ಎದುರುಗಾಳಿಯೇ ಆಸರೆ. ನಿಂತ ಗಾಡಿಗೆ ಫ್ಯಾನೊಂದೇ ಗತಿ. ಹಾಗಾದರೆ ಫ್ಯಾನು ಗಾಳಿಯನ್ನು ಎಲ್ಲಿಂದ ಎಳೆಯುತ್ತಿದೆ? ಒಂದು ಸಂಜೆ ಇಂಜಿನನ್ನು ನಡೆಯಬಿಟ್ಟು, ಹೊತ್ತಿಸಿದ ಊದುಬತ್ತಿಯನ್ನು ರೇಡಿಯೇಟರಿನ ಮುಂಭಾಗದಲ್ಲಿ ಹಿಡಿದು ನೋಡಿದೆ. ನಡುವೆ ಹಿಡಿದರೆ ಹೊಗೆ ಸರ್ರನೆ ಒಳಗೆ ಹೋಗುತ್ತದೆ. ಮೂಲೆಗಳಲ್ಲಿ ಹಿಡಿದರೆ, ದೇವರ ಮನೆಯಲ್ಲಿ ಏಳುವಂತೆ, ನೆಟ್ಟಗೆ ಮೇಲಕ್ಕೆ ಏಳುತ್ತದೆ!

ಲೆಕ್ಕ ಹಾಕಿದೆ. ರೇಡಿಯೇಟರಿನ ಜಾಲರಿ ಹದಿನೆಂಟು ಇಂಚು ಅಗಲ, ಹದಿನಾರು ಇಂಚು ಎತ್ತರ; ಅಂದರೆ 288 ಚದರ ಇಂಚು. ಹದಿನಾಲ್ಕು ಇಂಚಿನ ಫ್ಯಾನು ಸುತ್ತುವ ವೃತ್ತ ಸುಮಾರು 154. ಮಿಕ್ಕ 134 ಚದರ ಇಂಚು ನಿಂತ ಗಾಡಿಯಲ್ಲಿ ಬಹುಮಟ್ಟಿಗೆ ವ್ಯರ್ಥ. ಅಷ್ಟೇ ಅಲ್ಲ, ಫ್ಯಾನು ಹಿಂದಕ್ಕೆ ತಳ್ಳಿದ ಬಿಸಿಗಾಳಿಯೇ ರೆಕ್ಕೆಗಳ ತುದಿಯನ್ನು ಬಳಸಿ ಮತ್ತೆ ಮುಂದಕ್ಕೆ ಬರುತ್ತಿತ್ತು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದು ಒಡೆದ ಗದ್ದೆಗೆ ಎಷ್ಟು ನೀರು ಬಿಟ್ಟರೇನು? ಅದು ಸುಲಭವಾದ ಕಡೆ ಹರಿದುಹೋಗುತ್ತದೆ; ಮೂಲೆಯ ಪೈರು ಒಣಗುತ್ತದೆ. ಗಾಳಿಗೂ ಒಂದು ಬದು ಬೇಕು. ಆ ಬದುವಿಗೇ ಶ್ರೌಡ್ ಎಂದು ಹೆಸರು.

ರೇಡಿಯೇಟರು ಬೇರೆ ಅಳತೆಯದಾದ್ದರಿಂದ ಸಿದ್ಧವಾದ ಶ್ರೌಡ್ ಯಾವುದೂ ಹೊಂದಲಿಲ್ಲ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿದೆ. ಊರಿನ ತಗಡು ಕೆಲಸದವರು ಅದರಂತೆ ಸತುವಿನ ಲೇಪದ ತಗಡಿನಲ್ಲಿ ಮಾಡಿಕೊಟ್ಟರು. ಜಾಲರಿಯನ್ನೆಲ್ಲ ಮುಚ್ಚುವ ಚೌಕದ ಪೆಟ್ಟಿಗೆ, ಅದರ ನಡುವೆ ದುಂಡನೆಯ ಕೊರಳು. ರೆಕ್ಕೆಗಳ ಅಗಲದ ಅರ್ಧ ಭಾಗ ಕೊರಳಿನ ಒಳಗೆ, ಅರ್ಧ ಹೊರಗೆ ಇರುವಂತೆ ಆಳವನ್ನು ಹಿಡಿದೆವು. ಜಾಲರಿಗೆ ತೂತು ಹಾಕದೆ ಪಕ್ಕದ ಚೌಕಟ್ಟಿಗೆ ಮಾತ್ರ ಬೋಲ್ಟು ಬಿಗಿದೆವು. ಅಂಚಿಗೆ ರಬ್ಬರಿನ ಪಟ್ಟಿ ಇಟ್ಟೆವು. ಅದು ಗಾಳಿ ಸೋರುವುದನ್ನೂ ತಡೆಯುತ್ತದೆ, ಉಕ್ಕೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿ ಸವೆಯುವುದನ್ನೂ ತಡೆಯುತ್ತದೆ.

ಆದರೂ ಒಮ್ಮೆ ಎಡವಿದೆ. ಬಿಗಿಯಾದಷ್ಟೂ ಒಳ್ಳೆಯದೆಂದು ಬಗೆದು, ರೆಕ್ಕೆಗೂ ಕೊರಳಿಗೂ ನಡುವೆ ಕಾಲು ಇಂಚು ಮಾತ್ರ ಬಿಡಿಸಿದ್ದೆ. ಗಾಡಿಯನ್ನು ಹಿಂದಕ್ಕೆ ತೆಗೆದ ಕೂಡಲೆ ತಗಡು ಕಿರ್ರೆಂದು ಚೀರಿತು. ಶ್ರೌಡ್ ನಿಂತಿರುವುದು ರೇಡಿಯೇಟರಿನ ಮೇಲೆ. ಫ್ಯಾನು ಇರುವುದು ಇಂಜಿನಿನ ಮೇಲೆ. ಇಂಜಿನು ರಬ್ಬರಿನ ಆಸನದಲ್ಲಿ ಕುಳಿತು ಓಲಾಡುವ ಜೀವ. ಅದಕ್ಕೆ ಓಲಾಡುವಷ್ಟು ಎಡೆ ಬೇಡವೆ? ಹಳೆಯ ರಬ್ಬರುಗಳನ್ನು ಬದಲಿಸಿ, ಕೊರಳನ್ನು ಮುಕ್ಕಾಲು ಇಂಚಿಗೆ ಅಗಲಿಸಿದೆವು. ಬಿಗಿ ಮಾಡುವುದೇ ಭದ್ರತೆಯಲ್ಲವೆಂಬುದನ್ನು ಆ ತಗಡು ನನಗೆ ಕಲಿಸಿತು.

ಮತ್ತೆ ಊದುಬತ್ತಿ ಹಚ್ಚಿದೆ. ನಾಲ್ಕು ಮೂಲೆಗಳಲ್ಲಿಯೂ ಹೊಗೆ ಒಳಗೆ ಬಾಗಿತು. ನಡುಹಗಲ ಬಿಸಿಲಲ್ಲಿ ಅರ್ಧ ಗಂಟೆ ಇಂಜಿನನ್ನು ನಿಂತಲ್ಲೇ ನಡೆಸಿದೆ. ಮುಳ್ಳು ನಡುವಿಗೆ ಬಂದು ನಿಂತಿತು, ಮುಂದಕ್ಕೆ ಹೋಗಲಿಲ್ಲ.

2013ರಲ್ಲಿ ಕೊಟ್ಟೂರಿನ ತೇರಿಗೆ ತಾಯಿಯವರನ್ನು ಅದೇ ಗಾಡಿಯಲ್ಲಿ ಕರೆದೊಯ್ದೆ. ಜನಸಾಗರದ ನಡುವೆ ಮುಕ್ಕಾಲು ಗಂಟೆ ಹೆಜ್ಜೆ ಹೆಜ್ಜೆಯಾಗಿ ಸಾಗಿದೆವು. ತಾಯಿಯವರು ತಂಬಿಗೆಯನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದರು. ನನ್ನ ಕಣ್ಣು ಮುಳ್ಳಿನ ಮೇಲೆ, ಅವರ ಕಣ್ಣು ನನ್ನ ಮುಖದ ಮೇಲೆ. ದಾವಣಗೆರೆಯಿಂದ ನಡೆದು ಬಂದಿದ್ದ ಪಾದಯಾತ್ರಿಕರ ಗುಂಪಿನಲ್ಲಿ ಒಬ್ಬ ಮುದುಕ ದಣಿದು ರಸ್ತೆಯ ಬದಿಯಲ್ಲಿ ಕುಳಿತಿದ್ದ. ತಾಯಿಯವರು ಗಾಜಿಳಿಸಿ ಅವನನ್ನು ಕರೆದರು. ಮೂರು ವರ್ಷದಿಂದ ಇಂಜಿನಿಗೆಂದು ಹೊತ್ತು ತಿರುಗಿದ್ದ ತಂಬಿಗೆಯ ನೀರನ್ನು ಅವನ ಬೊಗಸೆಗೆ ಪೂರ್ತಿಯಾಗಿ ಹೊಯ್ದರು.

ಬರಿದಾದ ತಂಬಿಗೆಯನ್ನು ಅವರು ದಾರಿಯಲ್ಲಿ ಎಲ್ಲಿಯೂ ಮತ್ತೆ ತುಂಬಿಕೊಳ್ಳಲಿಲ್ಲ.