ಭೂಮ್ತಾಯಿಗೆ ಚರಗ, ಬಸುರಿಗೆ ಅರ್ಧ ರೊಟ್ಟಿ

ಇವತ್ತು ರಾಜಕೀಯ ಬೇಡ. ರಾಜಕೀಯದವರು ನಾಳೆನೂ ಇರ್ತಾರೆ, ನಾಡಿದ್ದೂ ಇರ್ತಾರೆ. ಇವತ್ತು ಒಂದು ಫೋನ್ ಕರೆಯ ವಿಷಯ ಮಾತಾಡೋಣ.

ಕಳೆದ ವಾರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸ್ಕೊಳ್ತಾ ಕೂತಿದ್ದೆ. ಬೈಲಹೊಂಗಲದಿಂದ ಒಬ್ಬ ಹೆಣ್ಣುಮಗಳು ಮೂರು ಸಲ ಫೋನ್ ಮಾಡಿದ್ದಾಳೆ, ನಿಮ್ಮ ಹತ್ತಿರಾನೇ ಮಾತಾಡಬೇಕಂತೆ ಅಂತ ನಮ್ಮ ಹುಡುಗರು ಹೇಳಿದ್ರು. ಜಮೀನಿನ ತಕರಾರೋ, ಬಸ್ಸಿನ ದೂರೋ ಇರಬೇಕು ಅಂದ್ಕೊಂಡು ಫೋನ್ ತಗೊಂಡೆ. ಅವಳು ಅಂದಿದ್ದು ಇಷ್ಟು: "ಸರ್, ನೀವು ಎಲ್ಲಾರ ಬಗ್ಗೆ ಮಾತಾಡ್ತೀರಿ. ಒಂದಿನ ನನ್ನ ಗೆಳತಿ ಬಗ್ಗೆ ಮಾತಾಡ್ರಿ. ಆಕಿ ಊಟಾ ಬಿಟ್ಟಾಳ್ರಿ. ಆರು ತಿಂಗಳ ಬಸರಿ ಅದಾಳ."

ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಇವಳು ಬೈಲಹೊಂಗಲದಲ್ಲೇ ಶಾಲೆಯಲ್ಲಿ ಕಲಿಸ್ತಾಳೆ. ಆ ಗೆಳತಿಯನ್ನು ಸವದತ್ತಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಊರಿನ ಹೆಸರು ನಾನು ಹೇಳೋದಿಲ್ಲ. ಆಕೆ ಬೇಡ ಅಂದಿದ್ದಾಳೆ. "ಸಂಜಿಕೆ ಆ ಮನ್ಯಾಗ ನಿಮ್ಮ ಚಾನೆಲ್ಲೇ ಹಚ್ಚಿರ್ತಾರ್ರೀ, ಹೆಸರ ಹೇಳಿದ್ರ ನಮ್ಮ ಗೆಳೆತನ ಅಲ್ಲಿಗೇ ಮುಗೀತು" ಅಂದಳು.

ಏನು ತಿಂತಾಳೆ ಅಂತ ಕೇಳಿದೆ. ಪಟ್ಟಿ ಒಪ್ಪಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಚಹಾ. ಹನ್ನೊಂದಕ್ಕೆ ಅರ್ಧ ರೊಟ್ಟಿ, ಒಂದು ಚಮಚ ಪಲ್ಲೆ. ಮಧ್ಯಾಹ್ನ ಮತ್ತೆ ಚಹಾ. ರಾತ್ರಿ ಒಂದು ಹಿಡಿ ಅನ್ನ, ಮಜ್ಜಿಗೆ. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಹೆಸರಲ್ಲಿ ಅದೂ ಇಲ್ಲ. ಬಾಳೆಹಣ್ಣು ಥಂಡಿ, ಬೆಲ್ಲ ಉಷ್ಣ, ಶೇಂಗಾ ಪಿತ್ತ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆ ಡಬ್ಬಿಯಲ್ಲೇ ಇದೆ, ತಗೊಂಡ್ರೆ ಕೂಸು ಕರ್ರಗೆ ಹುಟ್ಟುತ್ತಂತೆ. ಮೂರನೇ ತಿಂಗಳಲ್ಲಿ ನಲವತ್ತೆಂಟು ಕಿಲೋ ಇದ್ದವಳು ಆರನೇ ತಿಂಗಳಿಗೆ ನಲವತ್ತೇಳು. ತಾಯಿ ಕಾರ್ಡಿನಲ್ಲಿ ರಕ್ತ 8.2 ಅಂತ ಬರೆದಿದ್ದಾರೆ. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ ಅಂತ ವೈದ್ಯರು ಹೇಳೋದು.

ಅಲ್ಲಾ ಸ್ವಾಮಿ, ಇದು ಬರಗಾಲದ ಮನೆಯಾ? ಅಲ್ಲ. ಮಲಪ್ರಭೆಯ ಕಾಲುವೆ ನೀರು ಹರಿಯುವ ಹೊಲ ಇದೆ. ಹಿತ್ತಲಲ್ಲಿ ಎರಡು ಎಮ್ಮೆ ಇವೆ. ಡೇರಿಗೆ ಹಾಲು ಹೋಗುತ್ತೆ, ಬಸುರಿ ಕರಿ ಚಹಾ ಕುಡಿದು ಕೂರ್ತಾಳೆ.

ನಾನು ಆ ಕಡೆಯವನೇ. ಒಬ್ಬಳ ಮಾತು ಕೇಳಿ ಇಡೀ ನಾಡಿನ ಮೇಲೆ ಮಾತಾಡಬಾರದು ಅಂತ ನಮ್ಮ ವರದಿಗಾರರಿಗೆ ಹೇಳಿದೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಹೋಗಿ, ಹೆಣ್ಣುಮಕ್ಕಳ ಹತ್ತಿರ ಕೂತು ಕೇಳ್ಕೊಂಡು ಬನ್ನಿ, ಕ್ಯಾಮೆರಾ ಬೇಡ. ರಾಮದುರ್ಗದ ಒಂದು ನೇಕಾರರ ಮನೆಯಲ್ಲಿ, ಕಿತ್ತೂರಿನ ಬಸ್ ನಿಲ್ದಾಣದಲ್ಲಿ, ಎಲ್ಲ ಕಡೆ ಸ್ವಲ್ಪ ಹೆಚ್ಚುಕಡಿಮೆ ಒಂದೇ ವಾಕ್ಯ ಸಿಕ್ತು. "ಭಾಳ ಉಂಡ್ರ ಕೂಸು ದೊಡ್ಡದಾಗತೈತಿ, ಹಡಿಯೂದು ಕಠಿಣ ಆಗತೈತಿ."

ಇದು ಹೊಸ ಮಾತಲ್ಲ. ಇಂಗೆ ಹುಟರ್ ಅಂತ ನೆದರ್ಲೆಂಡ್ಸ್ ದೇಶದ ವಿದ್ವಾಂಸೆ ನಮ್ಮ ಧಾರವಾಡದ ಕಡೆಯ ಹಳ್ಳಿಗಳಲ್ಲಿ ಬಸುರಿಯರ ಊಟದ ಬಗ್ಗೆಯೇ ಅಧ್ಯಯನ ಮಾಡಿ 1994ರಲ್ಲಿ ಪುಸ್ತಕ ತಂದರು. ಬಸಿರಿನಲ್ಲಿ ಹೆಣ್ಣುಮಕ್ಕಳು ಊಟ ಕಡಿಮೆ ಮಾಡ್ತಾರೆ ಅನ್ನೋದು ಅವರ ಅಧ್ಯಯನದ ಮುಖ್ಯ ವಿಷಯ. ಅದಕ್ಕೂ ಮುಂಚೆ 1983ರಲ್ಲಿ ಮಾರ್ಕ್ ನಿಕ್ಟರ್, ಮಿಮಿ ನಿಕ್ಟರ್ ಎಂಬ ಅಮೆರಿಕದ ದಂಪತಿ ದಕ್ಷಿಣ ಕನ್ನಡದ ಬಗ್ಗೆ ಇಂಥದ್ದೇ ಬರೆದಿದ್ದರು. ಅಲ್ಲಿ ಇನ್ನೊಂದು ನಂಬಿಕೆ: ಹೊಟ್ಟೆ ಅನ್ನೋದು ಒಂದೇ ಚೀಲ, ಅನ್ನ ತುಂಬಿಸಿದರೆ ಕೂಸಿಗೆ ಜಾಗ ಎಲ್ಲಿ? ಘಟ್ಟದ ಕೆಳಗೂ ಅದೇ, ಘಟ್ಟದ ಮೇಲೂ ಅದೇ.

ಇಲ್ಲಿಗೆ ನಾನು "ಮೂಢನಂಬಿಕೆ" ಅಂತ ಒಂದು ಶಬ್ದ ಒಗೆದು ಬ್ರೇಕ್ ತಗೋಬಹುದು. ನಮ್ಮ ಟಿವಿಯವರಿಗೆ ಅದು ಸುಲಭ. ಆದರೆ ಆ ಶಿಕ್ಷಕಿ ನನಗೊಂದು ಪಾಠ ಕಲಿಸಿದಳು. ಆ ಅತ್ತೆ ಕೆಟ್ಟವಳಾ ಅಂತ ಕೇಳಿದೆ. ಮೂರು ಸೆಕೆಂಡ್ ಸುಮ್ಮನಿದ್ದು ಅಂದಳು: "ಇಲ್ರಿ ಸರ್. ಆ ಅವ್ವಾರ ತಂಗಿ ಹಡಿಯೂ ಹೊತ್ನ್ಯಾಗ ಹೋದ್ರಂತ. ಎರಡ ದಿನಾ ಬ್ಯಾನಿ ತಿಂದು, ಚಕ್ಕಡಿಯಾಗ ಹಾಕ್ಕೊಂಡು ಸವದತ್ತಿಗೆ ಹೊಂಟಾಗ, ಹಾದ್ಯಾಗ. ಕೂಸು ದೊಡ್ಡದಿತ್ತಂತ."

ಚಕ್ಕಡಿಯೇ ಆಂಬುಲೆನ್ಸ್ ಆಗಿದ್ದ ಕಾಲದಲ್ಲಿ, ಸಿಸೇರಿಯನ್ ಮಾಡುವ ಡಾಕ್ಟರ್ ಹುಬ್ಬಳ್ಳಿಗೋ ಬೆಳಗಾವಿಗೋ ಹೋದರೆ ಮಾತ್ರ ಸಿಗುತ್ತಿದ್ದಾಗ, ಕೂಸು ಸಣ್ಣದಿರಲಿ ಅಂತ ಒಬ್ಬ ಹೆಣ್ಣುಮಗಳು ಬೇಡಿಕೊಂಡರೆ ಅದು ಅಜ್ಞಾನ ಅಲ್ಲ, ಭಯ. ಕಣ್ಣಾರೆ ಕಂಡ ಸಾವಿನ ಭಯ. ಆ ಅತ್ತೆ ಸೊಸೆಯನ್ನು ಉಪವಾಸ ಕೆಡವುತ್ತಿಲ್ಲ. ಅವಳ ಲೆಕ್ಕದಲ್ಲಿ ಸೊಸೆಯನ್ನು ಉಳಿಸ್ತಾ ಇದ್ದಾಳೆ.

ಸೊಸೆಯ ಭಯ ಬೇರೆ. ಅವಳ ಕೈಯಲ್ಲಿ ಮೊಬೈಲ್ ಇದೆ. ಬಸುರಾದರೂ ಮೈ ಬರಬಾರದು, ಹೊಟ್ಟೆಯೊಂದೇ ಕಾಣಬೇಕು ಅನ್ನುವ ರೀಲ್ಸ್ ಇವೆ. ಜೊತೆಗೆ ಸಿಸೇರಿಯನ್ ಆದ ಓಣಿಯ ಅಕ್ಕಂದಿರ ಕಥೆಗಳು. ಅದೂ ಸುಳ್ಳಲ್ಲ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಯಲ್ಲಿ ಸುಮಾರು 31 ಸಿಸೇರಿಯನ್. ಅತ್ತೆಯದು ಹಳೇ ಭಯ, ಸೊಸೆಯದು ಹೊಸ ಭಯ. ಎರಡೂ ಬಂದು ಕೂತಿದ್ದು ಒಂದೇ ತಾಟಿನ ಮೇಲೆ.

ಈಗ ಆ ಮನೆಯಲ್ಲಿ ಟಿವಿ ಹಚ್ಚಿಕೊಂಡು ಕೂತಿರೋ ಅವ್ವನಿಗೆ ನೇರವಾಗಿ ಎರಡು ಮಾತು. ಅವ್ವಾ, ನಾನು ಡಾಕ್ಟರ್ ಅಲ್ಲ. ಡಾಕ್ಟರುಗಳನ್ನು ಕೇಳಿ ತಿಳ್ಕೊಂಡಿದ್ದನ್ನ ಹೇಳ್ತೀನಿ. ಕೂಸು ಬೆಳೆಯೋದು ಅನ್ನ ಬೀಳುವ ಚೀಲದಲ್ಲಿ ಅಲ್ಲ, ಗರ್ಭಚೀಲವೇ ಬೇರೆ. ತಿಂಗಳು ತುಂಬ್ತಾ ಬಂದ ಹಾಗೆ ಅದು ಮೇಲಕ್ಕೆ ಒತ್ತುತ್ತೆ, ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗೋದು ನಿಜ. ಅದಕ್ಕೇ ಒಮ್ಮೆಲೇ ಉಣ್ಣಬೇಡ, ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣು ಅಂತಾರೆ. ಹೆರಿಗೆ ಕಠಿಣ ಆಗೋದಕ್ಕೆ ಕೂಸು ತಿರುಗಿರುವ ರೀತಿ, ತಾಯಿಯ ಸೊಂಟದ ಎಲುಬು, ಬೇನೆಯ ಬಲ ಹೀಗೆ ಹತ್ತು ಕಾರಣ ಇರ್ತವೆ. ಕೂಸು ಅತಿಯಾಗಿ ದೊಡ್ಡದಾಗೋದು ಬಹಳ ಸಲ ತಾಯಿಗೆ ಸಕ್ಕರೆ ಕಾಯಿಲೆ ಇದ್ದಾಗ. ಅದನ್ನು ಪರೀಕ್ಷೆ ಮಾಡಿ ಕಂಡುಹಿಡೀಬಹುದು. ರೊಟ್ಟಿ ಬಿಡಿಸಿದರೆ ಸಣ್ಣದಾಗೋದು ಕೂಸೊಂದೇ ಅಲ್ಲ, ತಾಯಿಯ ಶಕ್ತಿನೂ ಕರಗುತ್ತೆ. ಹೆರಿಗೆಯಲ್ಲಿ ರಕ್ತ ಹೋಗೇ ಹೋಗುತ್ತೆ. ಹನ್ನೆರಡು ಇದ್ದವಳು ತಡ್ಕೊಳ್ತಾಳೆ. ಎಂಟು ಇದ್ದವಳು? ನಿಮ್ಮ ತಂಗಿಗೆ ಆದದ್ದು ಸೊಸೆಗೆ ಆಗಬಾರದು ಅಂತಲ್ಲವಾ ನೀವು ಇಷ್ಟೆಲ್ಲ ಮಾಡ್ತಿರೋದು? ಹಾಗಿದ್ರೆ ಆ 8.2ಕ್ಕೆ ಹೆದರಬೇಕು, ರೊಟ್ಟಿಗಲ್ಲ.

ಚೆನ್ನಾಗಿ ಉಂಡರೆ ಕೂಸು ರಾಕ್ಷಸನ ಹಾಗೆ ಬೆಳೆಯುತ್ತಾ? ಇದಕ್ಕೆ ಉತ್ತರ ನಮ್ಮ ಬೆಳಗಾವಿಯಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಸೇರಿ ಭಾರತ, ಪಾಕಿಸ್ತಾನ, ಕಾಂಗೋ, ಗ್ವಾಟೆಮಾಲಾ ಅಂತ ನಾಲ್ಕು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. ನಮ್ಮ ದೇಶದ ಪಾಲಿನ ಹೆಣ್ಣುಮಕ್ಕಳು ಬೆಳಗಾವಿ ಕಡೆಯವರೇ. ಕೆಲವರಿಗೆ ಬಸುರಾಗೋ ಮುಂಚಿನಿಂದ, ಕೆಲವರಿಗೆ ಮೂರನೇ ತಿಂಗಳಿನಿಂದ ದಿನಾ ಒಂದು ಸಣ್ಣ ಪೊಟ್ಟಣ ಪೌಷ್ಟಿಕ ಆಹಾರ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. 2019ರಲ್ಲಿ ಫಲಿತಾಂಶ ಬಂತು. ಕೊಟ್ಟವರ ಕೂಸುಗಳು ಸುಮಾರು ಅರ್ಧ ಸೆಂಟಿಮೀಟರ್ ಉದ್ದ, ತೂಕದಲ್ಲೂ ಸ್ವಲ್ಪ ಮುಂದೆ. ಗ್ರಾಂ ಲೆಕ್ಕದ ವ್ಯತ್ಯಾಸ, ಕಿಲೋ ಲೆಕ್ಕದ್ದಲ್ಲ.

ಹಸಿದರೆ ಏನಾಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. 1944–45ರ ಚಳಿಗಾಲ, ಎರಡನೇ ಮಹಾಯುದ್ಧ. ಹುಟರ್ ಅವರ ಅದೇ ನೆದರ್ಲೆಂಡ್ಸ್‌ನಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆ ತಡೆದಾಗ, ಪಟ್ಟಣದ ಜನರಿಗೆ ದಿನಕ್ಕೆ ಸಾವಿರ ಕ್ಯಾಲರಿಗಿಂತ ಕಡಿಮೆ ರೇಷನ್. ಬಸುರಿಯರೂ ಅದರಲ್ಲೇ ಬದುಕಿದರು. ಕೊನೆಯ ತಿಂಗಳುಗಳಲ್ಲಿ ಹಸಿದ ತಾಯಂದಿರ ಕೂಸುಗಳು ತೂಕ ಕಡಿಮೆ ಇದ್ದವು. ಆ ಕೂಸುಗಳನ್ನು ಡಾಕ್ಟರುಗಳು ಅಷ್ಟಕ್ಕೇ ಬಿಡಲಿಲ್ಲ, ಮುದುಕರಾಗುವ ತನಕ ನೋಡಿದರು. ಮೊದಲ ತಿಂಗಳುಗಳ ಹಸಿವು ಕಂಡವರಲ್ಲಿ ಹೃದಯದ ಕಾಯಿಲೆ, ಹಸಿದ ಬಸಿರಿನಿಂದ ಬಂದವರಲ್ಲಿ ಸಕ್ಕರೆಯ ತೊಂದರೆ ಹೆಚ್ಚಾಗಿ ಕಂಡವು. ಅಲ್ಲಿ ಹಸಿವು ತಂದದ್ದು ಶತ್ರುವಿನ ಸೈನ್ಯ. ಇಲ್ಲಿ?

ಇಷ್ಟಕ್ಕೂ ಎಷ್ಟು ಹೆಚ್ಚು ಉಣ್ಣಬೇಕು? "ಎರಡು ಜೀವ, ಎರಡರಷ್ಟು ಉಣ್ಣು" ಅನ್ನೋದೂ ತಪ್ಪೇ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ್ದು ದಿನಕ್ಕೆ 350 ಕ್ಯಾಲರಿ ಹೆಚ್ಚು. ನಮ್ಮ ಭಾಷೆಯಲ್ಲಿ ಒಂದು ಜೋಳದ ರೊಟ್ಟಿ, ಒಂದು ಸಣ್ಣ ವಾಟಿ ಹೆಸರುಕಾಳಿನ ಪಲ್ಲೆ, ಒಂದು ಲೋಟ ಹಾಲು. ಅಷ್ಟೇ! ಇನ್ನು ಗುಳಿಗೆಯಿಂದ ಕಪ್ಪಗಾಗೋದು ಮಲ, ಕೂಸಿನ ಬಣ್ಣ ಅಲ್ಲ. ಅದರ ಹಿಂದೆಮುಂದೆ ಚಹಾ ಕುಡೀಬಾರದು, ಮೈಗೆ ಹತ್ತೋದಿಲ್ಲ. ಲಿಂಬೆಹಣ್ಣಿನ ಶರಬತ್ತು ಆದರೆ ಒಳ್ಳೇದು. ಏನು ತಿಂದರೂ ವಾಂತಿ, ನೀರೂ ನಿಲ್ಲೋದಿಲ್ಲ ಅಂದ್ರೆ ಅದು ಬೇರೆ ವಿಷಯ, ಅದಕ್ಕೆ ಆಸ್ಪತ್ರೆಯೇ ದಾರಿ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳೋದಿಲ್ಲ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿ ಊಟ, ಹಾಲು, ಶೇಂಗಾ ಚಿಕ್ಕಿ, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಒಳ್ಳೆ ಯೋಜನೆ. ಆದರೆ ಮನೆ ಸೊಸೆ ಮಟಮಟ ಮಧ್ಯಾಹ್ನ ನಡೆದು ಹೋಗಿ ಸರ್ಕಾರದ ಊಟ ಉಂಡು ಬಂದರೆ ಓಣಿಯವರು ಏನಂತಾರೆ? "ಮನ್ಯಾಗ ಕೂಳಿಲ್ಲೇನು?" ಈ ಮಾತಿಗೆ ಬೆಂಗಳೂರಿನ ಯಾವ ಅಧಿಕಾರಿಯ ಕಡತದಲ್ಲೂ ಉತ್ತರ ಇಲ್ಲ. ಅದೇ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ನೂರು ಬಸುರಿಯರಲ್ಲಿ 45ಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ.

ಈ ತಿಂಗಳು ನಮ್ಮ ಕಡೆ ಶೀಗಿ ಹುಣ್ಣಿಮೆ. ದಕ್ಷಿಣದ ವೀಕ್ಷಕರಿಗೆ ಹೇಳ್ತೀನಿ: ಪೈರು ತುಂಬಿದ ಭೂಮಿಯನ್ನು ನಾವು ಬಸುರಿ ಅಂತೀವಿ. ಬಸುರಿಗೆ ಬಯಕೆ ಇರುತ್ತಲ್ಲ? ಅದಕ್ಕೇ ಚಕ್ಕಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲು ಪಾಂಡವರನ್ನು ಪೂಜಿಸಿ, ಸಜ್ಜಿ ರೊಟ್ಟಿ, ಕಡಬು, ಹೋಳಿಗಿ, ಪುಂಡಿಪಲ್ಲೆ ಎಲ್ಲ ಕಲಸಿ ಹೊಲದ ತುಂಬ ಚರಗ ಚೆಲ್ತೀವಿ. ಒಂದು ಮೂಲೆಯನ್ನೂ ಬಿಡೋದಿಲ್ಲ. ಭೂಮ್ತಾಯಿ ಹೆಚ್ಚು ಉಂಡಳು, ಜೋಳದ ತೆನೆ ದಪ್ಪ ಆದೀತು ಅಂತ ಯಾರಾದರೂ ಹೆದರಿದ್ದನ್ನ ಕಂಡಿದ್ದೀರಾ? ಆ ಬುತ್ತಿ ಕಟ್ಟಿದವಳೂ ಆರು ತಿಂಗಳ ಬಸುರಿ. ನಸುಕಿನಲ್ಲೆದ್ದು ಹತ್ತು ಬಗೆ ಮಾಡಿ ಬುಟ್ಟಿ ತುಂಬಿದ್ದಾಳೆ. ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ ಹಾಕಿ ಇದೇ ಊಟ ಅವಳ ಮುಂದೂ ಇಟ್ಟು ಫೋಟೊ ತೆಗೀತೀವಿ. ಮರುದಿನದಿಂದ ಮತ್ತೆ ಅರ್ಧ ರೊಟ್ಟಿ.

ಆ ಶಿಕ್ಷಕಿ ಕೊನೆಗೆ ಕೇಳಿದ್ದು: "ನಾ ಏನ ಮಾಡಲಿ ಸರ್? ಉಣ್ಣ ಅಂದ್ರ ಸಿಟ್ಟ ಬರತೈತಿ ಆಕಿಗೆ. ಫೋನ ಎತ್ತೂದ ಬಿಟ್ಟಾಳ." ನಾನು ಬೆಳಗಾವಿಯ ಹೆರಿಗೆ ಡಾಕ್ಟರ್ ಒಬ್ಬರನ್ನು ಕೇಳಿದೆ. ಅವರು ಅಂದರು: ಉಣ್ಣು ಅಂತ ಹೇಳೋದೇ ಬೇಡ. ನಿನಗೆ ಯಾವುದರ ಭಯ ಅಂತ ಕೇಳಲಿ. ಜೊತೆಗೆ ಕೂತು ತಾನೂ ಉಣ್ಣಲಿ. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತೆ, ಅತ್ತೆಯನ್ನೂ ಕರ್ಕೊಂಡು ಹೋಗಲಿ. ಹೆದರಿರುವವರು ಅತ್ತೆ, ಡಾಕ್ಟರ್ ಮಾತು ಅವರ ಕಿವಿಗೆ ಬೀಳಬೇಕು.

ಇದನ್ನು ಹಾಗೇ ಆ ತಂಗಿಗೆ ದಾಟಿಸಿದೆ. ಭಾನುವಾರ ಬಸ್ ಹತ್ತಿ ಹೋಗಿದ್ದಳಂತೆ. ಶೇಂಗಾ ಹೋಳಿಗಿ ಒಯ್ದಿದ್ದಳು. ಗೆಳತಿ ಮುಟ್ಟಲಿಲ್ಲ. ಇವಳೇ ಒಂದು ಮುರಿದು ತಿನ್ನುತ್ತಾ ಕಾಲೇಜಿನ ಮಾತು ತೆಗೆದಳು. ಒಂದು ತಾಸಿನ ಮೇಲೆ ಉಳಿದ ಅರ್ಧವನ್ನು ಅವಳು ತಿಂದಳಂತೆ. ಒಳಗಿನಿಂದ ಆ ಅವ್ವ ಬಂದು ನೋಡಿದರು, ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಹೋಗಿ ಹಾಲು ತಂದಿಟ್ಟರಂತೆ, ಎರಡು ಲೋಟ.

9ನೇ ತಾರೀಖಿಗೆ ಬರ್ತಾರಾ ಅಂತ ಕೇಳಿದೆ. "ಅವ್ವಾರು ಇನ್ನಾ ಏನೂ ಅಂದಿಲ್ರಿ" ಅಂದಳು. "ಆದ್ರ ಬಸ್ ಎಷ್ಟೊತ್ತಿಗೆ ಅಂತ ಕೇಳ್ಯಾರ."