ಮೊದಲ ಲೋಡಿನ ದುಡ್ಡು



‘ಸಣ್ಣ ವ್ಯಾಪಾರ ಮತ್ತು ನೆರೆದೇಶದ ರಫ್ತು’ ಎಂದು ಈ ದತ್ತಿ ಉಪನ್ಯಾಸದ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ನೆರೆದೇಶಗಳು ಹಲವು. ನಾನು ಶ್ರೀಲಂಕಾ ಒಂದನ್ನೇ ಹಿಡಿದುಕೊಳ್ಳುತ್ತೇನೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತಿದ್ದಷ್ಟು ವರ್ಷ ನನ್ನ ಮೇಜಿಗೆ ಬಂದ ಸಣ್ಣ ವರ್ತಕರ ಕಾಗದಗಳಲ್ಲಿ ಹೆಚ್ಚಿನವು ಕೊಲಂಬೊಕ್ಕೆ ಹೊರಟವು. ಅವುಗಳಲ್ಲೂ ಹೆಚ್ಚಿನವು ನಿಮ್ಮ ಚಿಕ್ಕಬಳ್ಳಾಪುರದ ಹೊಲದ ಗುಲಾಬಿ ಈರುಳ್ಳಿಯವು.

ಈ ಈರುಳ್ಳಿಯ ವಿಚಿತ್ರ ನಿಮಗೆ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುತ್ತೇವೆ, ನಾವೇ ತಿನ್ನುವುದು ಕಡಿಮೆ. ನಮ್ಮ ಹುಳಿಗೆ, ಪಲ್ಯಕ್ಕೆ ದಪ್ಪ ಈರುಳ್ಳಿಯೇ ಆಗಬೇಕು. ಚಪ್ಪಟೆ ತಳದ, ಕಡುಗೆಂಪಿನ, ಕಣ್ಣಲ್ಲಿ ನೀರು ತರಿಸುವ ಈ ಗೆಡ್ಡೆ ಚೆನ್ನೈ ಬಂದರಿನಿಂದ ಶ್ರೀಲಂಕಾ, ಮಲೇಷ್ಯಾ, ಸಿಂಗಪುರದ ಕಡೆ ಹೋಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಕೊಲಂಬೊದ ಸಗಟು ಮಾರುಕಟ್ಟೆಗೆ ಪೆಟ್ಟಾ ಎಂದು ಹೆಸರು. ನಮ್ಮ ಚಿಕ್ಕಪೇಟೆಯ ‘ಪೇಟೆ’ಗೂ ಅದಕ್ಕೂ ಬೇರು ಒಂದೇ. ಅಷ್ಟು ಹತ್ತಿರದ ಊರು ಅದು. ಆದರೂ ಇಲ್ಲಿಂದ ನೇರವಾಗಿ ತಮ್ಮ ಹೆಸರಿನಲ್ಲೇ ಮಾಲು ಕಳಿಸುವ ಸಣ್ಣವರು ಬೆರಳೆಣಿಕೆ. ಮಿಕ್ಕವರು ಮಂಡಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅವರನ್ನು ನಾನು ಬೈಯಲಾರೆ.

ರಫ್ತಿಗೆ ನೆರವು ಎಂದರೆ ನಮಗೆ ಕಣ್ಣಿಗೆ ಬರುವುದು ತರಬೇತಿ ಶಿಬಿರ. ಒಂದು ದಿನ, ಒಂದು ಫೈಲು, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ನಾನೂ ಅಂಥ ಶಿಬಿರಗಳಲ್ಲಿ ಪಾಠ ಹೇಳಿದವನೇ. ಹೇಳಿದ್ದೆಲ್ಲ ಕಾಗದದ ಪಾಠ. ಈಗ ಕಾಗದ ಕಷ್ಟವಲ್ಲ. ಆಮದು-ರಫ್ತು ಸಂಕೇತ ಸಂಖ್ಯೆಗೆ 500 ರೂಪಾಯಿ ಕಟ್ಟಿದರೆ ಮನೆಯಲ್ಲೇ ಕೂತು ಪಡೆಯಬಹುದು. ಜಿ.ಎಸ್.ಟಿ. ಕಟ್ಟದೆ ಮಾಲು ಕಳಿಸಲು ಒಂದು ಮುಚ್ಚಳಿಕೆ ಪತ್ರ ಸಾಕು. ಗೆಡ್ಡೆಗೆ ರೋಗವಿಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ, ಶಿಪ್ಪಿಂಗ್ ಬಿಲ್ಲು, ಇವನ್ನೆಲ್ಲ ಕಸ್ಟಮ್ಸ್ ಏಜೆಂಟರು ನೋಡಿಕೊಳ್ಳುತ್ತಾರೆ. ಒಂದೇ ಎಚ್ಚರಿಕೆ: ಆ ಸಂಕೇತ ಸಂಖ್ಯೆಯ ವಿವರವನ್ನು ಪ್ರತಿ ವರ್ಷ ಏಪ್ರಿಲ್-ಜೂನ್ ಒಳಗೆ ಖಚಿತಪಡಿಸಬೇಕು, ಏನೂ ಬದಲಾಗದಿದ್ದರೂ. ಇದನ್ನು ಮರೆತು ಬಂದರಿನಲ್ಲಿ ಲಾರಿ ನಿಲ್ಲಿಸಿಕೊಂಡವರನ್ನು ಕಂಡಿದ್ದೇನೆ.

ಮಾಲು ಆಚೆಗೆ ದಾಟುವುದು ಸುಲಭ. ದುಡ್ಡು ಈಚೆಗೆ ದಾಟುವುದೇ ಕಷ್ಟ. ನನ್ನ ಇಡೀ ಉಪನ್ಯಾಸ ಇಷ್ಟೇ ಎಂದುಕೊಳ್ಳಿ.

ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ‘ಬೆಂಗಳೂರು’ ಎಂದೇ ಬರೆಯಬೇಕೆಂದು 2014ರ ನವೆಂಬರ್ 1ರಂದು ಜಾರಿಯಾಯಿತಲ್ಲ, ಅದಾದ ಮೇಲಿನ ಮಾತು. ಹೊಸಬ ವರ್ತಕನೊಬ್ಬ ಪುಣ್ಯಕ್ಕೆ ಎಲ್.ಸಿ. ಮೇಲೆ, ಅಂದರೆ ದಾಖಲೆ ಸರಿಯಿದ್ದರೆ ಹಣ ಕೊಡುತ್ತೇನೆಂಬ ಆಚೆಯ ಬ್ಯಾಂಕಿನ ಭರವಸೆ ಪತ್ರದ ಮೇಲೆ, ಮಾಲು ಕಳಿಸಿದ್ದ. ಎಲ್.ಸಿ.ಯಲ್ಲಿ ‘ಬ್ಯಾಂಗಲೋರ್ ರೋಸ್ ಆನಿಯನ್’ ಎಂದಿತ್ತು. ಅವನ ಗುಮಾಸ್ತ ಅಭಿಮಾನದಿಂದ ಇನ್ವಾಯ್ಸಿನಲ್ಲಿ ‘ಬೆಂಗಳೂರು’ ಎಂದು ಟೈಪು ಮಾಡಿದ. ದಾಖಲೆ ಪರಿಶೀಲಿಸಲು ಬ್ಯಾಂಕಿಗೆ 5 ಕೆಲಸದ ದಿನಗಳ ಅವಕಾಶ ಇರುತ್ತದೆ. ಐದನೆಯ ದಿನ ಆಚೆಯ ಬ್ಯಾಂಕು ವ್ಯತ್ಯಾಸವಿದೆ ಎಂದು ಸಂದೇಶ ಕಳಿಸಿತು. ಈರುಳ್ಳಿಗೆ ಬ್ಯಾಂಕಿನ ಕೆಲಸದ ದಿನ, ರಜೆ ದಿನ ತಿಳಿಯುವುದಿಲ್ಲ. ಕಂಟೇನರಿನೊಳಗೆ ಅದು ಬೆವರುತ್ತಾ, ಮೊಳಕೆ ಬಿಡುತ್ತಾ ಕೂತಿತ್ತು. ಅಷ್ಟರಲ್ಲಿ ಕೊಳ್ಳುವವ ಫೋನು ಮಾಡಿದ: ಬೆಲೆ ಇಳಿಸಿದರೆ ದಾಖಲೆ ಒಪ್ಪುತ್ತೇನೆ. ನಮ್ಮವನು ಇಳಿಸಿದ. ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ. ಅವನ ಕೈಯಲ್ಲಿ ತರಬೇತಿಯ ಸರ್ಟಿಫಿಕೇಟು ಇತ್ತು. ಇಲ್ಲದ್ದು ಆ ಇನ್ವಾಯ್ಸನ್ನು ಕಳಿಸುವ ಮೊದಲು ಒಮ್ಮೆ ಓದಿಕೊಡುವ ಮನುಷ್ಯ. ಅದನ್ನು ಓದಬೇಕಾದ ಮೇಜು ನನ್ನದೇ ಆಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಎಲ್.ಸಿ. ಇದ್ದವನ ಪಾಡು ಇದು. ಬಹುಪಾಲು ಸಣ್ಣವರಿಗೆ ಅದೂ ಸಿಗುವುದಿಲ್ಲ, ‘ಮಾಲು ಬರಲಿ, ನೋಡೋಣ’ ಎನ್ನುವ ಬಾಯಿಮಾತೇ ಆಧಾರ. ಆ ಮಾತು ಸಾಚಾ ಇದ್ದರೂ ಕೆಲವೊಮ್ಮೆ ಸಾಲದು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ವಿದೇಶಿ ಸಾಲ ತೀರಿಸುವುದನ್ನೇ ನಿಲ್ಲಿಸಿತು. ಅಲ್ಲಿನ ಬ್ಯಾಂಕುಗಳಲ್ಲಿ ಡಾಲರ್ ಇರಲಿಲ್ಲ. ಕೊಳ್ಳುವವ ಪ್ರಾಮಾಣಿಕ, ತನ್ನ ರೂಪಾಯಿ ಕಟ್ಟಿದ್ದಾನೆ, ಆದರೂ ಹಣ ಈಚೆಗೆ ಬರಲಾರದು. ದೊಡ್ಡ ಕಂಪನಿ ಇಂಥದ್ದನ್ನು ತಡೆದುಕೊಳ್ಳುತ್ತದೆ. ಎರಡು ಲೋಡಿನ ಬಂಡವಾಳದವನು ಮನೆಯ ಒಡವೆ ಅಡ ಇಡುತ್ತಾನೆ. ಆ ವರ್ಷ ಜುಲೈ 11ರಂದು ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ಇನ್ವಾಯ್ಸ್ ಮಾಡಿ ಹಣ ಪಡೆಯುವ ದಾರಿ ತೆರೆದದ್ದು ಒಳ್ಳೆಯದೇ. ಅದನ್ನು ಬಳಸಲು ಬಂದವರಿಗೆ ಕೆಳಹಂತದ ಶಾಖೆಗಳಲ್ಲಿ ತಿಳಿಸಿ ಹೇಳುವವರು ಬೇಕು.

ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಇದೆಯಲ್ಲ ಎಂದು ಕೇಳುತ್ತೀರಿ. ಇದೆ. 1998ರ ಡಿಸೆಂಬರ್ 28ರಂದು ಸಹಿ, 2000ದ ಮಾರ್ಚ್ 1ರಿಂದ ಜಾರಿ. ಆದರೆ ರಿಯಾಯಿತಿ ಇಲ್ಲದ ಸರಕುಗಳ ಪಟ್ಟಿಯೊಂದನ್ನು ಶ್ರೀಲಂಕಾ ಇಟ್ಟುಕೊಂಡಿದೆ. ಒಪ್ಪಂದದ ಹೆಸರು ಕೇಳಿ ಹಿಗ್ಗುವ ಮೊದಲು ನಿಮ್ಮ ಮಾಲು ಆ ಪಟ್ಟಿಯಲ್ಲಿದೆಯೇ ನೋಡಿ. ಈರುಳ್ಳಿಯಂಥ ಪದಾರ್ಥಗಳ ಮೇಲೆ ಅಲ್ಲಿ ವಿಶೇಷ ಸರಕು ಸುಂಕ ಬೇರೆ. ಅವರ ರೈತರ ಬೆಳೆ ಪೇಟೆಗೆ ಬರುವ ಹೊತ್ತಿಗೆ ಅದನ್ನು ಏರಿಸುತ್ತಾರೆ. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಪರರನ್ನು ಅನ್ನುವುದಕ್ಕಿಂತ ನಮ್ಮದೇ ಕಥೆ ಹೇಳಬೇಕು. ದೆಹಲಿಯಲ್ಲಿ ಈರುಳ್ಳಿ ಬೆಲೆ ಏರಿದರೆ ಇಲ್ಲಿ ಗುಲಾಬಿ ಈರುಳ್ಳಿಗೆ ಬಾಗಿಲು ಹಾಕುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ರಫ್ತು ನಿಷೇಧ. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ. ಅಕ್ಟೋಬರ್‌ನಲ್ಲಿ 10,000 ಟನ್ನಿಗೆ ಮಾತ್ರ, ಅದೂ ಚೆನ್ನೈ ಬಂದರಿನಿಂದಷ್ಟೇ, ಅನುಮತಿ. 2023ರ ಆಗಸ್ಟ್‌ನಲ್ಲಿ ಶೇ. 40 ಸುಂಕ. ಮುಂದಿನ ತಿಂಗಳು ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತಂದರೆ ಗುಲಾಬಿ ಈರುಳ್ಳಿಗೆ ವಿನಾಯಿತಿ. ಡಿಸೆಂಬರ್‌ನಲ್ಲಿ ಪುನಃ ನಿಷೇಧ. ದೆಹಲಿಯ ಅಡುಗೆಮನೆ ಕಾಣದ ಗೆಡ್ಡೆಗೆ, ಹೆಸರಿನಲ್ಲಿ ಈರುಳ್ಳಿ ಇದೆ ಎಂಬ ಒಂದೇ ತಪ್ಪಿಗೆ ಈ ಶಿಕ್ಷೆ. ಪೆಟ್ಟಾದ ವ್ಯಾಪಾರಿ ಒಂದು ಸಲ ಕಾಯುತ್ತಾನೆ, ಎರಡು ಸಲ ಕಾಯುತ್ತಾನೆ. ಆಮೇಲೆ ಬೇರೆ ದೇಶದವನಿಗೆ ಫೋನು ಮಾಡುತ್ತಾನೆ.

ಹಾಗಾದರೆ ನೆರವು ಎಂದರೆ ಯಾವುದು? ಮೊದಲ ಒಂದೆರಡು ಲೋಡನ್ನು ಅನುಭವಸ್ಥ ರಫ್ತುದಾರನ ಹೆಸರಿನಲ್ಲೇ ಕಳಿಸಿ, ಜೊತೆಗಿದ್ದು ನೋಡಿ, ಅದರಲ್ಲಿ ಅವಮಾನವಿಲ್ಲ. ಮೂರನೆಯದು ನಿಮ್ಮ ಹೆಸರಿನಲ್ಲಿ ಹೋಗಲಿ, ಆದರೆ ವಿಮೆಯಿಲ್ಲದೆ ಹೋಗದಿರಲಿ. ಇ.ಸಿ.ಜಿ.ಸಿ. ಎಂಬ ಸರ್ಕಾರಿ ಸಂಸ್ಥೆ 1957ರಿಂದ ಇದೇ ಕೆಲಸ ಮಾಡುತ್ತಿದೆ. ಕೊಳ್ಳುವವ ಕೈ ಎತ್ತಿದರೂ, ಅವನ ದೇಶವೇ ಹಣ ಹೊರಬಿಡದೆ ಹೋದರೂ ನಷ್ಟದ ದೊಡ್ಡ ಪಾಲು ಅದು ತುಂಬಿಕೊಡುತ್ತದೆ. ಸಾಲದ ಮೇಲೆ ಮಾಲು ಕೇಳುವ ಪೆಟ್ಟಾದ ವ್ಯಾಪಾರಿಯನ್ನು ಎಷ್ಟರವರೆಗೆ ನಂಬಬಹುದು ಎಂದು ಮಿತಿಯನ್ನೂ ಹಾಕಿಕೊಡುತ್ತದೆ. ನಮ್ಮೂರಲ್ಲಿ ಹಸುವಿಗೆ ವಿಮೆ ಮಾಡಿಸಿದವರಿದ್ದಾರೆ, ಟ್ರ್ಯಾಕ್ಟರಿಗೆ ಮಾಡಿಸಿದವರಿದ್ದಾರೆ. ರಫ್ತಿನ ಬಿಲ್ಲಿಗೆ ಮಾಡಿಸಿದ ಹೊಸಬರನ್ನು ನಾನು ಕಂಡದ್ದು ತೀರ ಕಡಿಮೆ. ಮೊದಲ ಲೋಡಿನಲ್ಲೇ ಲಾಭ ಕಾಣುವ ಆತುರಕ್ಕೆ ಆ ಕಂತು ದಂಡವಾಗಿ ಕಾಣುತ್ತದೆ.

ದತ್ತಿ ಇಟ್ಟ ಹಿರಿಯರಲ್ಲಿ ಒಂದು ಬಿನ್ನಹ. ಈ ಹಣದ ಬಡ್ಡಿಯಲ್ಲಿ ವರ್ಷಕ್ಕೊಬ್ಬನನ್ನು ಕರೆಸುತ್ತೀರಿ, ಶಾಲು ಹೊದಿಸುತ್ತೀರಿ, ಮಾತನ್ನು ಪುಸ್ತಿಕೆ ಮಾಡುತ್ತೀರಿ. ಮುಂದಿನ ವರ್ಷ ಅದೇ ಬಡ್ಡಿಯಲ್ಲಿ ಈ ತಾಲ್ಲೂಕಿನಿಂದ ಮೊದಲ ಲೋಡು ಕಳಿಸುವ ಒಬ್ಬ ಹುಡುಗನ ಅಥವಾ ಹುಡುಗಿಯ ವಿಮೆ ಕಂತು ಕಟ್ಟಿ. ದುಡ್ಡು ಬಂದ ಮೇಲೆ ಉಪನ್ಯಾಸಕ್ಕೆ ಅವರನ್ನೇ ಕರೆಯಿರಿ. ಇವತ್ತು ನನಗೆ ಕೊಡುವ ಗೌರವಧನವನ್ನು ಆ ಕಂತಿನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಿ.