ಉಡುಗೊರೆಯೋ, ಸಾಲವೋ?

(ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಫೆಬ್ರವರಿ 14 ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ಕೆಂಪು ಗುಲಾಬಿಯ ಬೆಲೆ ಏರುತ್ತದೆ. ನಮ್ಮ ಸುತ್ತಲಿನ ತೋಟಗಳ ಹೂವು ವಿಮಾನ ಹತ್ತಿ ಪರದೇಶಕ್ಕೂ ಹೋಗುತ್ತದೆ. ಬೆಳೆದ ರೈತನಿಗೆ ನಾಲ್ಕು ಕಾಸು ಸಿಕ್ಕರೆ ಸಂತೋಷವೇ. ಹೂ ಕೊಡಬೇಡಿ ಎನ್ನಲು ನಾನಿಲ್ಲಿ ನಿಂತಿಲ್ಲ. ನನ್ನ ಪ್ರಶ್ನೆ ಬೇರೆ. ಕೊಟ್ಟ ಮೇಲೆ ನೀವು ಏನನ್ನು ಬಯಸುತ್ತೀರಿ?

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಹೊರಬಂತು. ರಾಯರು ರಾತ್ರಿ ಹೊತ್ತು ಮಾವನ ಮನೆಗೆ ಬರುವ ಅದರ ಪದ್ಯವನ್ನು ನೀವು ಹಾಡಾಗಿ ಕೇಳಿರುತ್ತೀರಿ. ಆ ಮನೆಯಲ್ಲಿ ಉಪಚಾರಕ್ಕೇನು ಕಡಿಮೆ? ಮೆತ್ತನೆಯ ಹಾಸಿಗೆ, ಹಣ್ಣು, ಹಾಲು, ದಿಂಬಿನ ಅಂಚಿಗೆ ಹೆಂಡತಿ ಪದುಮಳೇ ಹಾಕಿದ ಚಿತ್ರ. ಎಲ್ಲ ಇದೆ, ಪದುಮ ಮಾತ್ರ ಇಲ್ಲ! ರಾಯರ ಮುಖದಲ್ಲಿ ನಗುವಿಲ್ಲ. ಬೆಳಗಾದದ್ದೇ ಹೊರಡುತ್ತೇನೆಂದು ಮುನಿಸಿಕೊಳ್ಳುತ್ತಾರೆ. ಆಮೇಲೆ ಪದುಮ ಹೂ ಮುಡಿದು ಬರುತ್ತಾಳೆ.

ಅವಳೇಕೆ ರಾತ್ರಿ ಬರಲಿಲ್ಲ? ಮುಟ್ಟಿನ ದಿನಗಳ ಕಟ್ಟುಪಾಡು ಎಂದು ಓದುಗರು ಅರ್ಥ ಮಾಡಿಕೊಂಡು ಬಂದಿದ್ದಾರೆ. ಕವಿ ಬಾಯಿಬಿಟ್ಟು ಹೇಳುವುದಿಲ್ಲ, ನಾದಿನಿಯ ಮಾತಿನಲ್ಲಿ ಸುಳಿವು ಕೊಟ್ಟು ಸುಮ್ಮನಾಗುತ್ತಾರೆ. ರಾಯರ ಮುನಿಸಿಗೆ ಅವರ ಆಸೆಯಷ್ಟೇ ಗೊತ್ತು, ಅವಳ ಕಷ್ಟ ಗೊತ್ತಿಲ್ಲ. ಅದಕ್ಕೇ ಆ ಮುನಿಸನ್ನು ಕಂಡು ನಮಗೆ ನಗು ಬರುತ್ತದೆ.

ಇಂದಿನ ರಾಯರ ಮುನಿಸು ನಗುವಂಥದ್ದಲ್ಲ. ಕಂತಿನಲ್ಲಿ ಮೊಬೈಲ್ ಕೊಂಡು ಹುಡುಗಿಗೆ ಕೊಡುತ್ತಾನೆ. ಅವಳು ‘ಬೇಡ’ ಎಂದ ದಿನ ಲೆಕ್ಕದ ಪುಸ್ತಕ ತೆಗೆಯುತ್ತಾನೆ: ‘ಇಷ್ಟು ಖರ್ಚು ಮಾಡಿದೆನಲ್ಲ!’ ಅಯ್ಯಾ, ಲೆಕ್ಕವಿಟ್ಟು ಕೊಟ್ಟದ್ದಕ್ಕೆ ಕನ್ನಡದಲ್ಲಿ ಸಾಲ ಎನ್ನುತ್ತಾರೆ. ಹೆಣ್ಣಿನ ಮನಸ್ಸು ಅದಕ್ಕೆ ಅಡವೇ? ‘ಇಲ್ಲ’ ಎಂದ ಹುಡುಗಿಯ ಮುಖಕ್ಕೆ ಆಸಿಡ್ ಎರಚಿದವರನ್ನು ಈ ನಾಡು ಕಂಡಿದೆ. ಬೇಡವೆಂದರೂ ಬೆನ್ನು ಬಿಡದೆ ಕಾಡುವುದನ್ನು 2013ರಲ್ಲಿ ಕಾನೂನು ಪ್ರತ್ಯೇಕ ಅಪರಾಧವೆಂದು ಸಾರಿತು. ಅದನ್ನು ಪ್ರೀತಿ ಎಂದು ಕರೆಯಬೇಡಿ.

ಗೆಳತಿಯರೆ, ನಿಮಗೂ ಒಂದು ಮಾತು. ಉಡುಗೊರೆಯ ಬೆಲೆಚೀಟಿ ನೋಡಿ ಪ್ರೀತಿಯನ್ನು ಅಳೆಯಬೇಡಿ. ಹತ್ತು ರೂಪಾಯಿಯ ಮೊಳ ಹೂವನ್ನು ನೆನಪಿಟ್ಟು ತಂದವನಿಗೂ, ಸಾಲ ಮಾಡಿ ಉಂಗುರ ತಂದವನಿಗೂ ವ್ಯತ್ಯಾಸವಿದೆ. ಅದನ್ನು ಹಣದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೊಡುವುದಾದರೆ ಏನು ಕೊಡಬೇಕು? ಪದುಮಳ ದಿಂಬನ್ನು ನೋಡಿ. ಅದರಲ್ಲಿ ಅವಳ ಕೈಕೆಲಸವಿದೆ, ಕುಳಿತು ಕಳೆದ ಹೊತ್ತಿದೆ. ಯಾರೋ ಬರೆದು ಅಚ್ಚು ಹಾಕಿದ ಇಂಗ್ಲಿಷ್ ಸಾಲಿನ ಕೆಳಗೆ ಬರೀ ಸಹಿ ಹಾಕುವ ಬದಲು ನಿಮ್ಮದೇ ಕನ್ನಡದಲ್ಲಿ ನಾಲ್ಕು ಮಾತು ಬರೆಯಿರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಮಾತು ನಿಮ್ಮದಾಗಿರಲಿ. ಉತ್ತರ ಅವರದಾಗಿರಲಿ. ‘ಹೂಂ’ ಅಂದರೆ ಹಬ್ಬ ಮಾಡಿ. ‘ಉಹೂಂ’ ಅಂದರೆ ಕೈಮುಗಿದು ದಾರಿ ಬಿಡಿ. ಕೊಟ್ಟ ಹೂವನ್ನು ಮಾತ್ರ ವಾಪಸ್ ಕೇಳಬೇಡಿ!